ದೊರೆಯ ಹೊಟ್ಟೆಯೊಳಗಿನ ಗಲಗಲ

ಆಟ್ಟಿಂಗಲ್ ಏರಿನ ಬುಡದಲ್ಲಿ ಚಿಕ್ಕಪ್ಪ ಕಾರಿನಡಿ ಮಲಗಿದ್ದುದನ್ನು ಕಣ್ಣಾರೆ ಕಂಡೆನೆಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಈಗ ಅಷ್ಟು ಧೈರ್ಯವಿಲ್ಲ. ಕಂಡದ್ದು ಅವರ ಎರಡು ಪಾದಗಳನ್ನು ಮಾತ್ರ ಇರಬೇಕು. ಆ ಪಾದಗಳನ್ನಾದರೂ ನಿಜವಾಗಿ ಕಂಡೆನೋ, ಅಥವಾ ಅಪ್ಪ ಆ ಕತೆಯನ್ನು ಊಟಕ್ಕೆ ಕೂತಾಗಲೆಲ್ಲ ಹೇಳಿ ಹೇಳಿ ನನ್ನ ತಲೆಯೊಳಗೆ ಎರಡು ಪಾದಗಳು ಮೂಡಿಕೊಂಡವೋ, ಗೊತ್ತಿಲ್ಲ. ಒಂದು ಚಪ್ಪಲಿ ಕಳಚಿ ಬಿದ್ದಿತ್ತು ಎನ್ನುತ್ತದೆ ನೆನಪು. ಯಾವ ಕಾಲಿನದು ಎಂದು ಕೇಳಿದರೆ ತಟ್ಟನೆ ಎಡಗಾಲಿನದು ಎನ್ನುತ್ತದೆ. ಇಷ್ಟು ಬೇಗ ಉತ್ತರ ಕೊಡುವ ಸಾಕ್ಷಿಯನ್ನು ಯಾವ ನ್ಯಾಯಾಧೀಶರೂ ನಂಬುವುದಿಲ್ಲ. ನಾನು ಯಾಕೆ ನಂಬಲಿ?

ಈ ಹಳೆಯ ವ್ಯಾಜ್ಯ ಮತ್ತೆ ಎದ್ದದ್ದು ಹೋದ ತಿಂಗಳು, ನನ್ನ ಕಾರಿನ ದೆಸೆಯಿಂದ. ಕಾರಿಗೂ ನನ್ನ ಹಾಗೆಯೇ ವಯಸ್ಸಾಗಿದೆ. ಸ್ಟಾರ್ಟ್ ಮಾಡಿದ ಕೂಡಲೇ ಅಡಿಯಿಂದ ಗಲಗಲ ಎಂಬ ಸದ್ದು ಬರತೊಡಗಿತು. ಡಬ್ಬಿಯಲ್ಲಿ ಒಂದಿಷ್ಟು ಹುಣಸೆಬೀಜ ಹಾಕಿ ಅಲ್ಲಾಡಿಸಿದಂತೆ. ಪಾಲಾರಿವಟ್ಟಂ ಜಂಕ್ಷನ್ನಿನ ಬಳಿಯ ವರ್ಕ್‌ಶಾಪಿನಲ್ಲಿ ಕಾರನ್ನು ಎತ್ತಿ ನೋಡಿದ ಮೆಕ್ಯಾನಿಕ್ ಕ್ಯಾಟಲಿಟಿಕ್ ಕನ್ವರ್ಟರ್ ಹೋಯಿತು ಎಂದ. ಹೊಗೆ ಹೊರಹೋಗುವ ಕೊಳವೆಯಲ್ಲಿ ಒಂದು ಡಬ್ಬಿ ಇರುತ್ತದಲ್ಲ, ಅದು. ಒಳಗೆ ಜೇನುಗೂಡಿನಂಥ ಒಂದು ರಚನೆ. ಇಂಜಿನ್ನಿನ ವಿಷದ ಹೊಗೆ ಅದನ್ನು ಹಾದು ಸ್ವಲ್ಪ ಸಭ್ಯವಾಗಿ ಹೊರಗೆ ಬರುತ್ತದೆ. ನನ್ನ ಕಾರಿನ ಜೇನುಗೂಡು ಒಡೆದು ಚೂರಾಗಿತ್ತು. ಹೊಸದು ಹಾಕಬೇಕು, ಇಲ್ಲವೇ ಇನ್ನೊಂದು ದಾರಿ ಇದೆ ಎಂದು ಅವನು ಮಲಯಾಳದಲ್ಲಿ ಸ್ವರ ತಗ್ಗಿಸಿ ಹೇಳಿದ. ಒಳಗಿನದನ್ನೆಲ್ಲ ಕುಟ್ಟಿ ತೆಗೆದು ಖಾಲಿ ಡಬ್ಬಿಯನ್ನೇ ಮತ್ತೆ ಬೆಸುಗೆ ಹಾಕಿ ಕೂರಿಸಬಹುದು. ಹೊರಗಿನಿಂದ ನೋಡಿದರೆ ಯಾರಿಗೂ ತಿಳಿಯುವುದಿಲ್ಲ.

ನಾನು ಅಲ್ಲೇ ಇದ್ದ ಟಯರಿನ ಮೇಲೆ ಕೂತುಬಿಟ್ಟೆ. ಬಿಸಿಲಿಗೆ ತಲೆ ತಿರುಗಿತೆಂದು ಅವನು ನೀರು ತಂದುಕೊಟ್ಟ. ತಲೆ ತಿರುಗಿದ್ದು ಹೌದು, ಆದರೆ ಹಿಂದಕ್ಕೆ.

ಎಪ್ಪತ್ತರ ದಶಕದ ನಡುಭಾಗ. ನಾವು ಕಾಸರಗೋಡಿನ ಕಡೆಯವರು. ಅಪ್ಪನಿಗೆ ಎರ್ನಾಕುಲಂನಲ್ಲಿ ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಕೆಲಸ, ಪಾಲಾರಿವಟ್ಟಂನಲ್ಲಿ ಬಾಡಿಗೆ ಮನೆ. ಅಂಗಳದ ತೆಂಗಿನ ಮರದಡಿ ಒಂದು ಕಾರು. ಚಹಾ ಕಂಪನಿಯ ಬಿಳಿಯ ಅಧಿಕಾರಿಯೊಬ್ಬ ಊರಿಗೆ ಮರಳುವಾಗ ಬಿಟ್ಟುಹೋದ ಆ ಪುಟ್ಟ ಕರಿಯ ಕಾರು ಎರಡು ಕೈ ದಾಟಿ ಅಪ್ಪನ ಕೈಗೆ ಬಂದಿತ್ತು. ಮನೆಯಲ್ಲಿ ಅದರ ಹೆಸರು 'ದೊರೆ'. ದೊರೆ ಎದ್ದರಾ, ದೊರೆಗೆ ನೀರು ಕುಡಿಸಿದಿರಾ, ದೊರೆ ಇವತ್ತು ಸಿಟ್ಟಲ್ಲಿದ್ದಾರೆ ಎಂದೆಲ್ಲ ಅಮ್ಮ ಬಹುವಚನದಲ್ಲೇ ಮಾತನಾಡುತ್ತಿದ್ದಳು. ಅಪ್ಪನನ್ನು ಬಿಟ್ಟರೆ ಆ ಮನೆಯಲ್ಲಿ ಅಷ್ಟು ಗೌರವ ಸಿಕ್ಕಿದ್ದು ಆ ಕಾರಿಗೆ ಮಾತ್ರ.

ದೊರೆಗೆ ಒಂದು ರೋಗವಿತ್ತು. ಸೈಲೆನ್ಸರಿನ ಕೊಳವೆ ತೂತಾಗಿತ್ತು, ಹಿಂಸೀಟಿನ ಕೆಳಗಿನ ತಗಡೂ ತುಕ್ಕು ಹಿಡಿದು ಜರಡಿಯಾಗಿತ್ತು. ಸ್ವಲ್ಪ ದೂರ ಹೋಗುವುದರೊಳಗೆ ಹಿಂದೆ ಕೂತವರಿಗೆ ಕಣ್ಣುರಿ, ತಲೆನೋವು. ನಮಗೆಲ್ಲ ಅಷ್ಟೇ. ಆದರೆ ಹಿಂದೆ ಕೂರುತ್ತಿದ್ದವಳು ಶಾರದಕ್ಕ.

ಅಕ್ಕ ನನಗಿಂತ ಎರಡು ವರ್ಷಕ್ಕೆ ದೊಡ್ಡವಳು. ಅವಳಿಗೆ ಹುಟ್ಟಿನಿಂದ ಉಬ್ಬಸ. ಒಗ್ಗರಣೆಯ ಹೊಗೆ, ಪಕ್ಕದ ಮನೆಯವರು ತರಗೆಲೆಗೆ ಇಟ್ಟ ಬೆಂಕಿ, ಯಾವುದಾದರೂ ಸಾಕು. ಎದೆಯಲ್ಲಿ ಸಣ್ಣ ಸೀಟಿ ಶುರುವಾದರೆ ನಾಲ್ಕೈದು ದಿನ ಇಳಿಯುತ್ತಿರಲಿಲ್ಲ. ಓದಿನಲ್ಲಿ ಮಾತ್ರ ಅವಳನ್ನು ಹಿಡಿಯುವವರಿರಲಿಲ್ಲ. ಬಿ.ಎ. ಮುಗಿಸಿ ತಿರುವನಂತಪುರದಲ್ಲಿ ಚರಿತ್ರೆಯ ಎಂ.ಎ.ಗೆ ಸೇರಬೇಕೆಂದು ಹಟ ಹಿಡಿದಿದ್ದಳು. ಅಲ್ಲಿ ಸೀಟು ಕೊಡುವ ಮೊದಲು ಮೂವರು ಪ್ರೊಫೆಸರುಗಳು ಎದುರಿಗೆ ಕೂರಿಸಿ ಪ್ರಶ್ನೆ ಕೇಳುತ್ತಿದ್ದರು. ಹಿಂದಿನ ವರ್ಷ ಅಕ್ಕ ರೈಲಿನಲ್ಲಿ ಹೋಗಿದ್ದಳು. ಕಲ್ಲಿದ್ದಲ ಇಂಜಿನ್ನು, ಕಿಟಕಿ ಮುಚ್ಚಿದರೂ ಮೂಗಿನೊಳಗೆ ಮಸಿ. ಮರುದಿನ ಪ್ರೊಫೆಸರುಗಳ ಮುಂದೆ ಬಾಯಿ ತೆರೆದರೆ ಉಸಿರು ಬಂತೇ ಹೊರತು ಮಾತು ಬರಲಿಲ್ಲ. ಅವರಲ್ಲಿ ಹಿರಿಯರೊಬ್ಬರು ಬಹಳ ಕರುಣೆಯಿಂದ, ಸಾಕು ಮಗು, ಹೋಗಿ ವಿಶ್ರಾಂತಿ ತೆಗೆದುಕೋ ಎಂದರಂತೆ. ಆ ಕರುಣೆಯನ್ನು ಅಕ್ಕ ಇವತ್ತಿಗೂ ಕ್ಷಮಿಸಿಲ್ಲ.

ಈ ಸಲ ಕರೆ ಬಂದಾಗ ಅವಳು ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಹೇಳಿದ್ದು ನೆನಪಿದೆ. ಇದು ನಿಜವಾದ ನೆನಪು ಎಂದುಕೊಂಡಿದ್ದೇನೆ.

"ಇನ್ನೊಂದು ಸಲ ಅವರೆದುರು ಕೂತು ಬರೀ ಸೀಟಿ ಊದ್ಲಿಕ್ಕೆ ನನ್ನಿಂದಾಗ್ಲಿಕ್ಕಿಲ್ಲ ಅಮ್ಮ. ಈ ಸಲವೂ ಹಾಗೇ ಆದ್ರೆ ಪುಸ್ತಕ ಎಲ್ಲ ಕಟ್ಟಿಡ್ತೇನೆ. ಮತ್ತೆ ನೀವು ಯಾವ ಹುಡುಗನನ್ನು ತೋರಿಸ್ತೀರೋ ತೋರಿಸಿ."

ಅಮ್ಮ ಒಗ್ಗರಣೆ ಸೌಟನ್ನು ಹಿತ್ತಲಿಗೆ ಒಯ್ದಳು. ಆ ವಾರವಿಡೀ ನಮ್ಮ ಮನೆಯ ಸಾರಿಗೆ ಒಗ್ಗರಣೆ ಬಿದ್ದದ್ದು ಬಾವಿಕಟ್ಟೆಯ ಹತ್ತಿರ.

ರೈಲು ಬೇಡ, ಬಸ್ಸಿನ ಡೀಸೆಲ್ ಬೇಡ. ಉಳಿದದ್ದು ದೊರೆ. ದೊರೆಯ ಹಿಂಸೀಟೂ ರೈಲಿಗೆ ಏನೂ ಕಡಿಮೆಯಿರಲಿಲ್ಲ. ಆಗ ಬಂದರು ಚಿಕ್ಕಪ್ಪ.

ಅಪ್ಪನ ತಮ್ಮ ಈ ಚಿಕ್ಕಪ್ಪ ತಿರುವನಂತಪುರದ ಹತ್ತಿರ, ತುಂಬದ ರಾಕೆಟ್ ಕೇಂದ್ರದ ರಾಸಾಯನಿಕ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದವರು. ಮದುವೆಯಾಗದೆ ಕಡಲ ಹತ್ತಿರ ಒಂದು ಕೋಣೆಯಲ್ಲಿದ್ದರು. ರಜೆ ಹಾಕಿ ಬಂದವರ ಚೀಲದಲ್ಲಿ ಎರಡು ಜೊತೆ ಬಟ್ಟೆ ಮತ್ತು ಹಡಗಿನಲ್ಲಿ ತಿಂಗಳುಗಟ್ಟಲೆ ತಡವಾಗಿ ಬಂದ ಒಂದು ಅಮೆರಿಕನ್ ಪತ್ರಿಕೆ. ಅಲ್ಲಿ ಇನ್ನು ಮುಂದೆ ಕಾರುಗಳ ಹೊಗೆಕೊಳವೆಗೆ ಒಂದು ಡಬ್ಬಿ ಕೂರಿಸುತ್ತಾರಂತೆ, ಅದರೊಳಗಿನ ಪ್ಲಾಟಿನಂ ವಿಷದ ಹೊಗೆಯನ್ನು ನಿರಪಾಯ ಮಾಡುತ್ತದಂತೆ.

"ನಮ್ಮಲ್ಲಿ ಪ್ಲಾಟಿನಂ ಇಲ್ಲ," ಎಂದರು ಚಿಕ್ಕಪ್ಪ. "ಆದ್ರೆ ತಾಮ್ರ ಉಂಟು. ಅತ್ತಿಗೆ, ತೋಟಕ್ಕೆ ಹೊಡೆಯುವ ಮೈಲುತುತ್ತು ಊರಿಂದ ತಂದದ್ದು ಸ್ವಲ್ಪ ಇತ್ತಲ್ಲ?"

"ಅದು ವಿಷ ಮಾರಾಯಾ! ಅಟ್ಟದ ಮೇಲೆ ಕಟ್ಟಿಟ್ಟಿದ್ದೇನೆ. ಎಂತಕ್ಕೆ ನಿನಗೆ?"

"ಅಡುಗೆಗೆ."

ಅಮ್ಮ ಅಡುಗೆಮನೆಗೆ ಬಿಡಲಿಲ್ಲ. ಪ್ರಯೋಗ ನಡೆದದ್ದು ಬಚ್ಚಲಲ್ಲಿ. ಮೈಲುತುತ್ತನ್ನು ಕರಗಿಸಿ ಅದಕ್ಕೆ ಬಟ್ಟೆ ಒಗೆಯುವ ಸೋಡಾ ಹಾಕಿದರೆ ನೀಲಿ-ಹಸಿರಾದ ಮೊಸರಿನಂಥದ್ದು ತಳಕ್ಕಿಳಿಯುತ್ತದೆ. ಅದನ್ನು ಮಡಕೆಯ ಚೂರುಗಳಿಗೆ ಬಳಿದು ಬಚ್ಚಲ ಒಲೆಯ ಕೆಂಡದಲ್ಲಿ ಕಾಯಿಸಿದರೆ ಕಪ್ಪಾಗುತ್ತದೆ. ಆ ಕಪ್ಪೇ ನಮ್ಮ ಪ್ಲಾಟಿನಂ. ಮಡಕೆಯ ಚೂರಿಗಾಗಿ ಅಮ್ಮ ಬಿರುಕುಬಿಟ್ಟ ನೀರಿನ ಹೂಜಿಯನ್ನು ಕೊಟ್ಟಳು. ಅದನ್ನು ಕಲ್ಲಿನ ಮೇಲಿಟ್ಟು ಒಡೆಯುವ ಕೆಲಸ ನನ್ನದು. ಕಡಲೆಯಷ್ಟು ದೊಡ್ಡ ಚೂರು ಬೇಕು, ಹುಡಿಯಾಗಬಾರದು ಎಂದು ಚಿಕ್ಕಪ್ಪನ ಆಜ್ಞೆ. ಬಚ್ಚಲ ನೆಲದ ನೀಲಿ ಕಲೆ ನಾವು ಆ ಮನೆ ಬಿಡುವವರೆಗೂ ಹೋಗಲಿಲ್ಲ. ಮನೆಯೊಡೆಯರು ಕೇಳಿದಾಗಲೆಲ್ಲ ಅಮ್ಮ, ರಂಗೋಲಿ ಹುಡಿ ಚೆಲ್ಲಿದ್ದು ಎನ್ನುತ್ತಿದ್ದಳು. ಬಚ್ಚಲಲ್ಲಿ ರಂಗೋಲಿ ಯಾಕೆಂದು ಅವರು ಕೇಳಲಿಲ್ಲ. ಕನ್ನಡದವರ ಆಚಾರ ಇರಬಹುದು ಎಂದುಕೊಂಡಿರಬೇಕು.

ನಾನು ಆಗ ಎರಡನೇ ವರ್ಷದ ಬಿ.ಎಸ್ಸಿ. ಎಲ್ಲವನ್ನೂ ಸಂಶಯಿಸುವುದೇ ವಿಜ್ಞಾನ ಎಂದು ಯಾರೋ ಹೇಳಿದ್ದನ್ನು ಮಾತ್ರ ಸಂಶಯಿಸದೆ ಒಪ್ಪಿಕೊಂಡಿದ್ದೆ. ನಮ್ಮ ಪೆಟ್ರೋಲಿನಲ್ಲಿ ಸೀಸ ಇದೆ, ಅದು ತಾಮ್ರವನ್ನು ಹಾಳು ಮಾಡುತ್ತದೆ ಎಂದೆ. ಕೊಳವೆಯೊಳಗೆ ಆಮ್ಲಜನಕ ಎಲ್ಲಿಂದ ಬರಬೇಕು ಎಂದೆ. ಕೊನೆಗೆ, "ಚಿಕ್ಕಪ್ಪ, ಇದಕ್ಕೆ ಕಂಟ್ರೋಲ್ ಎಲ್ಲುಂಟು? ಡಬ್ಬಿ ಇದ್ದಾಗ ಅಕ್ಕನಿಗೆ ಉಬ್ಬಸ ಬರಲಿಲ್ಲ ಅಂದ್ರೆ, ಡಬ್ಬಿ ಇಲ್ಲದಿದ್ರೆ ಬರ್ತಿತ್ತು ಅಂತ ಹೇಗೆ ಹೇಳೋದು?" ಎಂದೂ ಕೇಳಿದೆ.

"ಕಂಟ್ರೋಲ್ ಬೇಕಾದ್ರೆ ನೀನು ಹಿಂದಿನಿಂದ ಬಸ್ಸಲ್ಲಿ ಬಾ," ಎಂದರು ಅವರು, ಕೆಂಡ ಊದುತ್ತ.

ಡಬ್ಬಿಯನ್ನು ಮಾಡಿದವರು ನಮ್ಮ ಓಣಿಯ ತುದಿಯಲ್ಲಿ ವೆಲ್ಡಿಂಗ್ ಅಂಗಡಿಯಿಟ್ಟಿದ್ದ ವರ್ಗೀಸ್ ಚೇಟ್ಟನ್, ಎಲ್ಲರಿಗೂ ಅಣ್ಣ. ದಪ್ಪ ತಗಡಿನ ಡಬ್ಬಿ, ಬೋಲ್ಟು ಬಿಗಿದ ಮುಚ್ಚಳ. ಪ್ರಯೋಗ ಎಂದ ಮೇಲೆ ತೆರೆದು ನೋಡುವ ಹಾಗಿರಬೇಕು ಎಂದು ಚಿಕ್ಕಪ್ಪ ಮುಚ್ಚಳ ಮಾಡಿಸಿದ್ದರು. ಹೂಜಿಯ ಚೂರುಗಳನ್ನು ತುಂಬಿಸುವಾಗ ಚೇಟ್ಟನ್ ಬೀಡಿ ಕಚ್ಚಿಕೊಂಡೇ, "ಸಾರೇ, ಇದು ವಂಡಿಯಾಣೋ ಅಡುಕ್ಕಳಯಾಣೋ?" ಎಂದರು. ಇದು ಗಾಡಿಯೋ ಅಡುಗೆಮನೆಯೋ ಎಂದು. ಹಾಗೆ ನಗುತ್ತಲೇ, ಚಿಕ್ಕಪ್ಪ ಹೇಳಿದಂತೆ ಹಿಂಸೀಟಿನ ಕೆಳಗೆ ಹೊಸ ತಗಡು ಹಾಕಿ ಸಂದುಗಳಿಗೆ ಟಾರು ಮೆತ್ತಿದರು. ಇದನ್ನು ಗಮನಿಸಿ. ಹೊಗೆ ಒಳಗೆ ಬಾರದಿರಲು ಆ ತಗಡೊಂದೇ ಸಾಕಿತ್ತು. ಈ ಮಾತನ್ನು ನಾನು ಅಂದೇ ಹೇಳಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ದೊರೆ ಸ್ಟಾರ್ಟ್ ಆಗಿದ್ದರು, ಅವರ ಹೊಟ್ಟೆಯಿಂದ ಗಲಗಲ ಎಂಬ ಸದ್ದು ಬರುತ್ತಿತ್ತು. ಎಲ್ಲರಿಗೂ ನಗು. ಅಕ್ಕನಿಗೂ. ಆ ತಿಂಗಳಲ್ಲಿ ಅವಳು ನಕ್ಕದ್ದು ಅದೇ ಮೊದಲು.

ಚಿಕ್ಕಪ್ಪ ಅವಳ ನಗುವನ್ನು ನೋಡಿದರು. ಆಮೇಲೆ ಹೇಳಿದರು: "ನೋಡು ಶಾರದೆ, ಈ ಗಲಗಲ ಕೇಳಿಸ್ತಾ ಇದ್ದಷ್ಟು ಹೊತ್ತು ನಿನಗೆ ಹೊಗೆಯ ಹೆದರಿಕೆ ಬೇಡ. ಅದು ಕೆಲಸ ಮಾಡ್ತಾ ಉಂಟು ಅಂತ ಅರ್ಥ. ಗೊತ್ತಾಯ್ತಾ?"

ಹೊರಡುವ ಬೆಳಿಗ್ಗೆ ಅಮ್ಮ ನಾಲ್ಕೂ ಚಕ್ರಗಳಿಗೆ ಲಿಂಬೆಹಣ್ಣು ಇಟ್ಟಳು. "ಅತ್ತಿಗೆಯ ಕ್ಯಾಟಲಿಸ್ಟ್ ಇದು," ಎಂದರು ಚಿಕ್ಕಪ್ಪ. "ನಿನ್ನದು ಒಳಗೆ, ನನ್ನದು ಹೊರಗೆ," ಎಂದಳು ಅಮ್ಮ. "ಯಾವುದು ಮೊದಲು ಹುಡಿಯಾಗ್ತದೆ ನೋಡುವಾ."

ಅಪ್ಪ ಸ್ಟಿಯರಿಂಗ್ ಹಿಡಿದಿದ್ದರು, ಪಕ್ಕದಲ್ಲಿ ಚಿಕ್ಕಪ್ಪ, ಹಿಂದೆ ನಾನು ಮತ್ತು ಅಕ್ಕ. ಚೇರ್ತಲ, ಆಲಪ್ಪುಳ, ಹಿನ್ನೀರು, ಹುರಿ ಮಾಡಲು ಹಾಕಿದ ತೆಂಗಿನ ನಾರಿನ ಕೊಳೆತ ವಾಸನೆ. ಅಕ್ಕ ಕಿಟಕಿಯ ಹೊರಗೆ ನೋಡುತ್ತಿರಲಿಲ್ಲ. ತಲೆ ತಗ್ಗಿಸಿ ಕೇಳುತ್ತಿದ್ದಳು. ರಸ್ತೆ ಹೊಂಡಬಿದ್ದಲ್ಲಿ ಗಲಗಲ ಜೋರಾಗುತ್ತಿತ್ತು. ನುಣುಪಾದ ಕಡೆ ಸದ್ದು ಅಡಗಿದರೆ ಅವಳ ಕೈ ಸೀಟಿನ ಅಂಚನ್ನು ಹಿಡಿಯುತ್ತಿತ್ತು. ಕೆಟ್ಟ ರಸ್ತೆ ಬರಲೆಂದು ಹಾರೈಸಿಕೊಂಡು ಪ್ರಯಾಣ ಮಾಡಿದ್ದು ನಾನು ಅದೊಂದೇ ಸಲ. ಸಂಶಯವಾದಿಯಾದ ನಾನು ಹಾರೈಸಿದೆನೇ ಎಂದು ನೀವು ಕೇಳಬಹುದು. ಹಾರೈಸಿದೆ.

ಕೊಲ್ಲಂ ದಾಟಿದ ಮೇಲೆ ದೊರೆಯ ಉಸಿರು ಕಟ್ಟತೊಡಗಿತು. ಆ್ಯಕ್ಸಿಲರೇಟರ್ ಒತ್ತಿದಷ್ಟೂ ಗೊರಗೊರ, ವೇಗ ಮಾತ್ರ ಇಳಿಯುತ್ತಿತ್ತು. ಆಟ್ಟಿಂಗಲ್ಲಿನ ಏರಿನ ಬುಡಕ್ಕೆ ಬಂದಾಗ ದೊರೆ ಎರಡು ಸಲ ಬಿಕ್ಕಿ ನಿಂತುಬಿಟ್ಟರು. ಆಗ ಕಾರಿನೊಳಗೆ ಉಂಟಾದ ಮೌನದಲ್ಲಿ ನನಗೆ ಇನ್ನೊಂದು ಸದ್ದು ಕೇಳಿಸಿತು. ಅಕ್ಕನ ಎದೆಯ ಸೀಟಿ, ಸಣ್ಣದು. ಅಪ್ಪನಿಗೂ ಕೇಳಿಸಿರಬೇಕು. ಅವರು ತಿರುಗಿ ನೋಡಲಿಲ್ಲ.

ಹೊಗೆಯಂತೂ ಒಳಗೆ ಬಂದಿರಲಿಲ್ಲ. ಅಷ್ಟನ್ನು ಹೇಳಬಲ್ಲೆ.

"ನೀನು ಅಕ್ಕನನ್ನು ಅಲ್ಲಿ ನೆರಳಿಗೆ ಕರ್ಕೊಂಡು ಹೋಗು," ಎಂದರು ಚಿಕ್ಕಪ್ಪ. "ಬಿಸಿ ಎಂತಾದರೂ ಕುಡಿಸು. ಒಂದು ಬೋಲ್ಟು ಸಡಿಲಾಗಿದೆ, ಅಷ್ಟೇ."

ಹಿಂದಿನ ತಿರುವಿನಲ್ಲಿ ಒಂದು ಚಾಯಕ್ಕಡೆ, ಚಹಾದಂಗಡಿ. ಅದರ ಮಾಡಿಗೆ ಹೊಸ ಹೆಂಚು ಹೊದಿಸುತ್ತಿದ್ದರು. ಹಳೆಯ ಹೆಂಚುಗಳ ಒಡಕು ರಸ್ತೆಯ ಬದಿಗೆ, ನಮ್ಮ ಕಾರಿನವರೆಗೂ ಚೆಲ್ಲಾಡಿತ್ತು. ಆ ರಾಶಿಯ ಮೇಲೆ ಒಂದು ಕೋಳಿ ನಿಂತು ನಮ್ಮನ್ನೇ ನೋಡುತ್ತಿತ್ತು ಎಂದು ನನ್ನ ನೆನಪು. ಎಷ್ಟೋ ವರ್ಷಗಳ ನಂತರ ಆ ಕೋಳಿಯನ್ನು ನಾನೇ ಸೇರಿಸಿಕೊಂಡಿರಲೂಬಹುದು. ಅಂಗಡಿಯ ಮುದುಕ ಅಕ್ಕನ ಮುಖ ನೋಡಿ ಏನನ್ನೂ ಕೇಳದೆ, "ಮೋಳೇ, ಕಟ್ಟನ್ ಕಾಪ್ಪಿ," ಎಂದು ಹಾಲಿಲ್ಲದ ಬಿಸಿ ಕಾಫಿಯ ಗ್ಲಾಸನ್ನು ಅವಳ ಕೈಗಿಟ್ಟ. ಅವಳು ಎರಡು ಕೈಗಳಿಂದ ಹಿಡಿದುಕೊಂಡಳು.

"ಡಬ್ಬಿ ಹಾಳಾಯ್ತಲ್ಲ?" ಎಂದಳು.

"ಬೋಲ್ಟು ಅಂತೆ."

"ನೀನು ಹೇಳಿದ್ದೇ ಸರಿ ಇರಬಹುದು ಮಾರಾಯ. ಸೀಸ, ಆಮ್ಲಜನಕ, ಎಂತೆಲ್ಲ." ಒಂದು ಗುಟುಕಿಗೂ ಇನ್ನೊಂದಕ್ಕೂ ನಡುವೆ ಅವಳ ಹೆಗಲು ಮೇಲೇಳುತ್ತಿತ್ತು. "ನಾಳೆ ಅವರು ಕೇಳ್ತಾರೆ, ನಾನು ಊದ್ತೇನೆ."

ನನ್ನ ವಾದವನ್ನು ಯಾರಾದರೂ ಒಪ್ಪಿಕೊಂಡದ್ದು ಜೀವನದಲ್ಲಿ ಅದೇ ಮೊದಲು. ಅದು ಅಷ್ಟು ಕಹಿಯಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ.

ಅಲ್ಲಿಂದ ಕಾರಿನ ಕಡೆ ನೋಡಿದಾಗಲೇ ಆ ಎರಡು ಪಾದಗಳು ಕಂಡದ್ದು, ಅಥವಾ ಕಾಣದ್ದು. ಅಪ್ಪ ಅವುಗಳ ಮೇಲೆ ಕೊಡೆ ಹಿಡಿದು ನಿಂತಿದ್ದರು. ಆಮೇಲೆ ಕೊಡೆ ಮಡಚಿ, ರೇಡಿಯೇಟರಿಗೆ ನೀರು ತರಲು ಬಾಲ್ದಿ ಹಿಡಿದು ಎದುರು ಮನೆಯ ಬಾವಿಗೆ ಹೋದರು. ಮರಳಿ ಬರುವ ಹೊತ್ತಿಗೆ ಚಿಕ್ಕಪ್ಪ ಎದ್ದು ಕೈ ಒರೆಸಿಕೊಳ್ಳುತ್ತಿದ್ದರು. ಮೊಣಕೈವರೆಗೂ ಮಸಿ.

"ಸರಿಯಾಯ್ತು, ಹತ್ತಿ," ಎಂದರು.

ದೊರೆ ಏರನ್ನು ಹತ್ತಿದ ಬಗೆ ನೋಡಬೇಕಿತ್ತು! ಬಿಳಿಯ ಅಧಿಕಾರಿಯ ಕಾಲದಲ್ಲೂ ಹಾಗೆ ಹತ್ತಿರಲಾರರು. ಮೇಲೆ ತಲುಪಿದಾಗ ಮೊದಲ ಹೊಂಡ ಬಂತು. ಗಲಗಲ. ಅಕ್ಕ ತಲೆಯೆತ್ತಿದಳು. ಎರಡನೇ ಹೊಂಡ, ಮತ್ತೆ ಗಲಗಲ. ಅವಳು ಸೀಟಿಗೆ ಒರಗಿ ಕಣ್ಣು ಮುಚ್ಚಿಕೊಂಡಳು. ತಿರುವನಂತಪುರದ ದೀಪಗಳು ಕಾಣುವ ಹೊತ್ತಿಗೆ ಸೀಟಿ ನಿಂತಿತ್ತು. ಕಾಪ್ಪಿಯಿಂದ ಇರಬಹುದು, ಚೇಟ್ಟನ್ ಹಾಕಿದ ತಗಡಿನಿಂದ ಇರಬಹುದು. ಅಪ್ಪ ಹೊಂಡ ತಪ್ಪಿಸಲು ಹೋದಾಗಲೆಲ್ಲ ಮುಂದೆ ಕೂತ ಚಿಕ್ಕಪ್ಪ, "ಅಣ್ಣ, ಎಡಕ್ಕೇ ಹೋಗು, ಸರಿಯುಂಟು," ಎನ್ನುತ್ತಿದ್ದರು. ಎಡಕ್ಕೇ ಹೊಂಡವಿತ್ತು.

ಮರುದಿನ ಅಕ್ಕ ಮೂವರು ಪ್ರೊಫೆಸರುಗಳ ಮುಂದಿನಿಂದ ಹೊರಬಂದು ಮೆಟ್ಟಿಲ ಮೇಲೆ ನಿಂತು, "ಸಾಕು ಅಂತ ಅವರೇ ಹೇಳಬೇಕಾಯ್ತು," ಎಂದಳು. "ಹೋದ ಸಲದ ಹಾಗಲ್ಲ. ನಾನು ನಿಲ್ಲಿಸಲಿಲ್ಲ, ಅದಕ್ಕೆ." ಸೀಟು ಸಿಕ್ಕಿತು. ಅವಳು ಅಲ್ಲೇ ಓದಿ, ಅಲ್ಲೇ ಪಾಠ ಹೇಳಿ, ಅಲ್ಲೇ ನಿವೃತ್ತಳಾಗಿ ಕೂತಿದ್ದಾಳೆ. ಅವಳ ಮಗನಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಲಯಾಳದಲ್ಲಿ ಬರುತ್ತದೆ.

ವ್ಯಾಜ್ಯ ಶುರುವಾದದ್ದು ಆಮೇಲೆ. ಅಪ್ಪನ ಹೇಳಿಕೆ ಇದು: ಹೂಜಿಯ ಚೂರು ಕುಲುಕಿ ಕುಲುಕಿ ಹುಡಿಯಾಗಿ ಕೊಳವೆಗೆ ಕಟ್ಟಿಕೊಂಡಿತ್ತು, ತಮ್ಮ ಅದಷ್ಟನ್ನೂ ಚರಂಡಿಗೆ ಸುರಿದ, ನಾನೇ ನೋಡಿದೆ, ಕೊಡೆಗೆಲ್ಲ ಕರಿ ಹುಡಿ. ಅಕ್ಕನ ಪ್ರಶ್ನೆ ಇದು: "ಸುರಿದಿದ್ರೆ ಮತ್ತೆ ಗಲಗಲ ಅಂದದ್ದು ಎಂತದು ಅಪ್ಪ? ತಿರುವನಂತಪುರದವರೆಗೆ ಕೇಳಿದ್ದೇನೆ ನಾನು." ಒಂದೆರಡು ಚೂರು ಮೂಲೆಯಲ್ಲಿ ಸಿಕ್ಕಿಕೊಂಡು ಉಳಿದಿರಬೇಕು ಎಂಬುದು ನನ್ನ ತೀರ್ಪು. ಇಬ್ಬರಿಗೂ ಸಮಾಧಾನವಾಗದ ತೀರ್ಪು. ಹಬ್ಬಕ್ಕೆ ಸೇರಿದಾಗಲೆಲ್ಲ ಪಾಯಸದ ಜೊತೆಗೆ ಇದೂ ಬಡಿಸಲ್ಪಡುತ್ತಿತ್ತು. ಚಿಕ್ಕಪ್ಪನನ್ನು ಕೇಳಿದರೆ, "ಹಾಗೂ ಇರಬಹುದು, ಹೀಗೂ ಇರಬಹುದು," ಎಂದು ಹಪ್ಪಳ ಮುರಿಯುತ್ತಿದ್ದರು. ಈಗ ಅಪ್ಪ ಇಲ್ಲ, ಚಿಕ್ಕಪ್ಪನೂ ಇಲ್ಲ. ದೊರೆಯನ್ನು ಮಾರುವಾಗ ಅಕ್ಕ ಆ ಡಬ್ಬಿಯನ್ನು ಬಿಚ್ಚಿಸಿ ತೆಗೆದುಕೊಂಡಳು. ಅವಳ ಮನೆಯ ವರಾಂಡದಲ್ಲಿ, ಕಡಲಗಾಳಿಗೆ ಬಾಗಿಲು ಬಡಿದುಕೊಳ್ಳದಂತೆ ಅದನ್ನೇ ಆನಿಸಿಟ್ಟಿದ್ದಾಳೆ. ಬೋಲ್ಟುಗಳು ತುಕ್ಕು ಹಿಡಿದು ಒಂದೇ ಮುದ್ದೆಯಾಗಿವೆ. ಯಾರೂ ಮುಟ್ಟಿಲ್ಲ.

ನನ್ನ ಕಾರಿಗೆ ಹೊಸ ಕನ್ವರ್ಟರನ್ನೇ ಹಾಕಿಸಿದೆ. ಆಮೇಲೆ ಹಾಕ್ಸಾ ಗರಗಸವೊಂದನ್ನು ಚೀಲಕ್ಕೆ ಹಾಕಿಕೊಂಡು ಅಕ್ಕನ ಮನೆಗೆ ಹೋದೆ.

"ಕೊಯ್ದು ನೋಡ್ತೇನೆ," ಎಂದೆ.

ಅವಳು ಡಬ್ಬಿಯನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಿದಳು. ಗಲಗಲ. "ಏನೂ ಇಲ್ಲದಿದ್ರೆ ಇದು ಮಾತಾಡ್ತದಾ?" ಎಂದಳು. ಮತ್ತೆ ನನ್ನ ಮುಖ ನೋಡಿ ಕೆಳಗಿಟ್ಟಳು. "ಕೊಯ್ಯಿ ಮಾರಾಯ. ನಿನಗೆ ಇನ್ನಾದರೂ ನಿದ್ರೆ ಬರಲಿ."

ಬೋಲ್ಟುಗಳು ಒಂದೊಂದಾಗಿ ತುಂಡಾದವು. ಮುಚ್ಚಳ ಎಬ್ಬಿಸಿ ಡಬ್ಬಿಯನ್ನು ಪೇಪರಿನ ಮೇಲೆ ಬೋರಲು ಹಾಕಿದೆ. ಸ್ವಲ್ಪ ಮಸಿ, ಸ್ವಲ್ಪ ತುಕ್ಕು, ಮತ್ತೆ ಒಂದು ಹಿಡಿಯೂ ಆಗದಷ್ಟು ಚೂರುಗಳು. ಕರ್ಚೀಫಿನಿಂದ ಒರೆಸಿ ಬೆಳಕಿಗೆ ಹಿಡಿದೆ. ಹೂಜಿಯ ಚೂರಾದರೆ ತೆಳ್ಳಗಿದ್ದು ಸ್ವಲ್ಪವಾದರೂ ಬಾಗಿರಬೇಕು, ಕಡಲೆಯಷ್ಟಿರಬೇಕು. ಇವು ಚಪ್ಪಟೆಯಾಗಿದ್ದವು, ದಪ್ಪಗಿದ್ದವು, ಒಂದೊಂದೂ ಅಡಿಕೆಗಿಂತ ದೊಡ್ಡವು. ಒಂದರ ಮೇಲೆ ಅಚ್ಚಿನಲ್ಲಿ ಒತ್ತಿದ ಉಬ್ಬಕ್ಷರದ ಅರ್ಧ ಭಾಗ ಸ್ಪಷ್ಟವಾಗಿತ್ತು.

ಅಕ್ಕ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಬಹಳ ಹೊತ್ತು ಹೆಬ್ಬೆರಳಿನಿಂದ ಸವರಿದಳು. ಆಮೇಲೆ, "ಅಲ್ಲೊಂದು ಕೋಳಿ ನಿಂತಿತ್ತಲ್ಲ, ನೆನಪುಂಟಾ ನಿನಗೆ?" ಎಂದಳು.

ಕೋಳಿಯ ಬಗ್ಗೆ ನಾನು ಈಗಲೂ ಪ್ರಮಾಣ ಮಾಡಲಾರೆ. ಪಾದಗಳ ಬಗ್ಗೆ, ಚಪ್ಪಲಿಯ ಬಗ್ಗೆ, ಉಬ್ಬಸ ಯಾವುದರಿಂದ ಇಳಿಯಿತು ಎಂಬ ಬಗ್ಗೆಯೂ ಇಲ್ಲ. ಆದರೆ ಆ ಹೂಜಿಯ ಮೇಲೆ ಅಕ್ಷರವಿರಲಿಲ್ಲ. ಅದನ್ನು ಒಡೆದವನು ನಾನು. ಡಬ್ಬಿಯೊಳಗೆ ಇದ್ದದ್ದು ಹೆಂಚಿನ ಚೂರುಗಳು.